ಸೊಸೆಯ ಮಧ್ಯಾಹ್ನ

"ಇನ್ನೂ ಪಾತ್ರೆನೇ ತೊಳೀತಾ ಇದಾಳೇನೇ ಅವಳು?" ಬಳೆಗಾರ್ತಿ ಮಾದಮ್ಮ ಟಾಕೀಸಿನ ಬಾಗಿಲಲ್ಲಿ ಕುತ್ತಿಗೆ ಮಾತ್ರ ಒಳಗೆ ತೂರಿಸಿ ಕೇಳಿದಳು.

"ಇನ್ನೂ ಪಾತ್ರೆನೇ," ಎಂದೆ ನಾನು.

"ಬಟ್ಟೆ?"

"ಬಟ್ಟೆ ಗಂಟು ಇನ್ನೂ ಬಿಚ್ಚೇ ಇಲ್ಲ ಕಣಕ್ಕ."

"ಹಂಗಾದ್ರೆ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕ್ಕೊಂಡೇ ಬರ್ತೀನಿ. ಕಥೆ ಶುರುವಾದ್ರೆ ಒಂದು ಕೂಗು ಹಾಕು ನಿಂಗಮ್ಮ," ಎಂದು ಮಾದಮ್ಮ ಬಂದ ಕಾಲಲ್ಲೇ ತಿರುಗಿದಳು.

ಪರದೆಯ ಮೇಲೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಹಿತ್ತಲ ಬಾವಿಕಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ತೆಂಗಿನ ನಾರಿಗೆ ಬೂದಿ ಹಚ್ಚಿ, ಒಂದು ತಪ್ಪಲೆಯನ್ನು ತಿಕ್ಕುತ್ತಿದ್ದಳು. ಅವಳ ಹಿಂದೆ ಪಾತ್ರೆಗಳ ರಾಶಿ ಮನೆಯ ಸೂರಿನವರೆಗೂ ಏರಿತ್ತು. ಮುಂದಿನ ಬೆಂಚಿನಲ್ಲಿ, ಅದೇ ಹುಡುಗಿ, ಈಗ ತಲೆಯೆಲ್ಲ ನೆರೆತು, ಬಾಯಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು ಉಳಿದು, ದೇವೀರಮ್ಮನಾಗಿ ಕೂತಿದ್ದಳು. ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. "ತಳ ಬಿಟ್ಟಳು ನೋಡು! ತಳ ತಿಕ್ಕೇ ಇಲ್ಲ, ಹಂಗೇ ಬೋರಲು ಹಾಕಿದ್ಲು! ಥೂ ಸೋಮಾರಿ," ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ನಮ್ಮೂರಿನ ಸಿನಿಮಾಗಳು ಹೀಗೇ. ರೀಲಿನೊಳಗೆ ಇರುವವರಿಗೆ ವಯಸ್ಸಾಗುವುದಿಲ್ಲ, ಆದರೆ ಕೆಲಸ ಮಾತ್ರ ಬೀಳುತ್ತಲೇ ಇರುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟ ಮೇಲೂ ಒಳಗಿನವರು ಹೊತ್ತು ಹೊತ್ತಿಗೆ ಉಣ್ಣುತ್ತಾರೆ, ಬಟ್ಟೆ ಕೊಳೆ ಮಾಡುತ್ತಾರೆ, ಅಂಗಳಕ್ಕೆ ಎಲೆ ಉದುರುತ್ತದೆ. ಮತ್ತೆ ರೀಲು ಓಡಿಸಿದ ದಿನ ಅಷ್ಟನ್ನೂ ಮುಗಿಸಿದ ಮೇಲೆಯೇ ಕಥೆ. ಆಟ ಮುಗಿದು ದೀಪ ಹಾಕಿದಾಗ ಕೆಲಸ ಎಲ್ಲಿಗೆ ನಿಂತಿತ್ತೋ, ಮರುದಿನ ಅಲ್ಲಿಂದಲೇ ಶುರು. ಅದಕ್ಕೇ ನಮ್ಮಲ್ಲಿ ವಾರಕ್ಕೊಮ್ಮೆಯಾದರೂ ಪ್ರತಿ ಚಿತ್ರವನ್ನೂ ಓಡಿಸುವುದು ರೂಢಿ. ಆಪರೇಟರ್ ದಾದಾಪೀರ್‌ಗೆ ಒಮ್ಮೆ ಚಳಿಜ್ವರ ಬಂದು ಆಟ ತಪ್ಪಿದಾಗ, ಮುಂದಿನ ವಾರ ಅರ್ಧ ಆಟವೆಲ್ಲ ನಾಯಕಿ ಕಸ ಗುಡಿಸಿದ್ದನ್ನೇ ನೋಡಿದೆವು. ಗಂಡಸರು ಬೀಡಿ ಸೇದಲು ಎದ್ದುಹೋದರು. ಹೆಂಗಸರು ಎದ್ದುಹೋಗಲಿಲ್ಲ. ಮೊರದಲ್ಲಿ ಅಕ್ಕಿ ಕೇರುವುದು, ಬತ್ತಿ ಹೊಸೆಯುವುದು, ಅವರೆಕಾಯಿ ಸುಲಿಯುವುದು, ಏನಾದರೂ ಒಂದು ಕೆಲಸ ಮಡಿಲಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ಅವಳು ಅಲ್ಲಿ ಮಾಡುತ್ತಾಳೆ, ಇವರು ಇಲ್ಲಿ ಮಾಡುತ್ತಾರೆ.

ಹಿಂದೆ ಪೌರಾಣಿಕ ಚಿತ್ರಗಳೂ ಬರುತ್ತಿದ್ದವಂತೆ. ಅವು ಬಾಳಲಿಲ್ಲ. ದೇವಲೋಕದ ಸಭೆಯಲ್ಲಿ ಪೊರಕೆ ಹಿಡಿಯುವವರು ಯಾರೂ ಇರಲಿಲ್ಲ ನೋಡಿ. ಗದೆಗೆ ಜೇಡ ಬಲೆ ಕಟ್ಟಿತು, ಸಿಂಹಾಸನದ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು ಕೂತಿತು, ಕೊನೆಕೊನೆಗೆ ದೇವೇಂದ್ರ ಬಾಯಿ ತೆರೆದರೆ ಬರೀ ಸೀನು. ಉಳಿದದ್ದು ಅಂಬಾಬಾಯಿಯ ಚಿತ್ರಗಳು ಮಾತ್ರ. ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ಅಂಬಾಬಾಯಿ, ಒಂದು ದಿನ ಬಣ್ಣ ಒರೆಸಿಕೊಂಡು, ಎಲ್ಲಿಂದಲೋ ಒಂದು ಕ್ಯಾಮೆರಾ ಪೆಟ್ಟಿಗೆ ತಂದು, ಇದೇ ಊರಿನ ಮನೆಗಳಲ್ಲಿ ಇದೇ ಊರಿನ ಹೆಂಗಸರನ್ನು ಇಟ್ಟುಕೊಂಡು ಚಿತ್ರ ತೆಗೆದಳು. ಹೆಂಗಸೊಬ್ಬಳು ಹ್ಯಾಂಡಲ್ ತಿರುಗಿಸುವುದನ್ನು ನೋಡಲಿಕ್ಕೇ ಜನ ಮರ ಹತ್ತಿ ಕೂತಿದ್ದರಂತೆ. 'ಬಾಣಂತಿ ಕೋಣೆ' ಎನ್ನುವುದು ಮೊದಲನೆಯದು. 'ಕೊನೇ ಪಂಕ್ತಿ' ಎನ್ನುವುದು ಎರಡನೆಯದು. ಎಲ್ಲರೂ ಉಂಡೆದ್ದ ಮೇಲೆ ಅಡುಗೆಮನೆಯಲ್ಲಿ ಉಳಿದ ಹೆಂಗಸರು ಏನು ಉಣ್ಣುತ್ತಾರೆ, ಏನು ಮಾತಾಡಿಕೊಳ್ಳುತ್ತಾರೆ, ಅಷ್ಟೇ ಕಥೆ. ನನಗೆ ಅಕ್ಷರ ಬಂದದ್ದೂ ಅವುಗಳಿಂದಲೇ. ಮೂಕಿ ಚಿತ್ರವಲ್ಲವೇ, ನಡುನಡುವೆ ಪರದೆಯ ಮೇಲೆ ಬರಹ ಬರುತ್ತಿತ್ತು. ಅಂಬಾಬಾಯಿಯ ಚಿತ್ರಗಳೆಲ್ಲ 'ಬೆಳಗಾಯಿತು' ಎಂಬ ಬರಹದಿಂದಲೇ ಶುರು. ಶಾಲೆ ಮೆಟ್ಟಿಲು ಹತ್ತದ ನಾನು ಮೊದಲು ಕಲಿತ ಮಾತು ಅದು. ಬೆ ಯಾವುದು, ಳ ಯಾವುದು ಎಂದು ನೋಡಿ ನೋಡಿ ಗುರುತು ಹಿಡಿದು, ಈಗ ಆಟಕ್ಕೆ ಬಂದವರಿಗೆಲ್ಲ ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ಓದೋ ನಿಂಗಮ್ಮ ಎಂದೇ ನನ್ನ ಹೆಸರು. ಹೆಸರಿಗೆ ಟಾಕೀಸು, ಅದರೊಳಗೆ ಮಾತಾಡುವವಳು ನಾನೊಬ್ಬಳೇ.

ಮೂರನೆಯ ಚಿತ್ರ 'ಸೊಸೆಯ ಮಧ್ಯಾಹ್ನ'. ಅದನ್ನು ಯಾರೂ ನೋಡಿರಲಿಲ್ಲ. ದೇವೀರಮ್ಮನ ಗಂಡನ ಮನೆಯಲ್ಲೇ ತೆಗೆದದ್ದು. ನಾಟಕದ ಹೆಣ್ಣುಮಕ್ಕಳಿಗೆ ಪಾತ್ರೆ ತಿಕ್ಕಲು ಬರುವುದಿಲ್ಲ, ತಿಕ್ಕಿದಂತೆ ಅಭಿನಯ ಮಾಡುತ್ತಾರೆ ಎಂದು ಅಂಬಾಬಾಯಿ ಆ ಮನೆಯ ಸೊಸೆಯನ್ನೇ ಕೇಳಿದ್ದಳು. ಬರೀ ಕೈ ಬೆನ್ನು ಕಾಣುತ್ತದೆ ಎಂದಾಗ ಮಾವ ಒಪ್ಪಿದ. ಆಮೇಲೆ ಯಾರೋ ಹೋಗಿ, ನಿಮ್ಮ ಸೊಸೆಯ ಮುಖ ಬಾಗಿಲಗಲ ಕಾಣುತ್ತದೆ, ಊರೆಲ್ಲ ನೋಡುತ್ತದೆ ಎಂದು ಕಿವಿಯೂದಿದರು. ಮೊದಲ ಆಟದ ದಿನ ದೀಪ ಆರುವ ಮೊದಲೇ ಮಾವ ಟಾಕೀಸಿಗೆ ಬಂದು ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದ. ಅಂಬಾಬಾಯಿ ಊರು ಬಿಟ್ಟಳು. ಡಬ್ಬಿ ಅಟ್ಟ ಸೇರಿತು. ದೇವೀರಮ್ಮ ಅದೇ ಅಟ್ಟದ ಕೆಳಗೆ ಮಕ್ಕಳನ್ನು ಹೆತ್ತಳು, ಲಕ್ವ ಹೊಡೆದ ಅತ್ತೆಯ ಸೇವೆ ಮಾಡಿದಳು, ಮಾವನನ್ನೂ ಗಂಡನನ್ನೂ ಕಳಿಸಿಕೊಟ್ಟಳು. ಈಚೆಗೆ ತೊಲೆ ಬದಲಾಯಿಸುವಾಗ ಹಳೇ ಹುಣಸೆಹಣ್ಣಿನ ಗುಡಾಣಗಳ ಹಿಂದೆ ಡಬ್ಬಿ ಸಿಕ್ಕಿತು. ದೇವೀರಮ್ಮನ ಸೊಸೆ ಪ್ರೇಮಲೀಲ ಅದನ್ನು ಗುಜರಿಗೆ ಹಾಕಲು ತೆಗೆದಿಟ್ಟಿದ್ದಳಂತೆ. ದೇವೀರಮ್ಮ ಸೆರಗಿನಲ್ಲಿ ಧೂಳು ಒರೆಸಿ, ಎದೆಗೆ ಅವುಚಿಕೊಂಡು, ಬಿಸಿಲಲ್ಲಿ ನಡೆದುಕೊಂಡೇ ಟಾಕೀಸಿಗೆ ಬಂದಳು.

"ನಿಂಗಮ್ಮ, ಇದರೊಳಗೆ ನಾನೊಂದು ಮಾಡಿದೀನಿ. ಏನು ಅಂತ ನೋಡಬೇಕು," ಎಂದಳು.

"ಏನು ಮಾಡಿದ್ರಿ ದೊಡ್ಡಮ್ಮ?"

"ಅದೇ ಗೊತ್ತಿಲ್ಲ ಕಣೆ!"

ಆಮೇಲೆ ಕೂರಿಸಿಕೊಂಡು ಕೇಳಿದ್ದಕ್ಕೆ ಹೇಳಿದಳು. ಚಿತ್ರದ ಕೊನೆಯಲ್ಲಿ ಅಂಬಾಬಾಯಿ ಅವಳಿಗೆ, ನಾನೇನೂ ಹೇಳುವುದಿಲ್ಲ, ಕೆಲಸವೆಲ್ಲ ಮುಗಿದ ಮೇಲೆ ನಿನಗೆ ಏನು ಮಾಡಬೇಕು ಅನ್ನಿಸುತ್ತದೋ ಅದು ಮಾಡು, ನಾನು ಸುಮ್ಮನೆ ಹ್ಯಾಂಡಲ್ ತಿರುಗಿಸುತ್ತೇನೆ, ಎಂದಿದ್ದಳು. ದೇವೀರಮ್ಮ ಏನೋ ಮಾಡಿದಳು. ಅಂಬಾಬಾಯಿ ಕ್ಯಾಮೆರಾ ಹಿಂದೆ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆ ನಗು ದೇವೀರಮ್ಮನಿಗೆ ಚೆನ್ನಾಗಿ ನೆನಪಿದೆ. ಮಾಡಿದ್ದೇನು ಎನ್ನುವುದು ಮಾತ್ರ ತೊಳೆದು ಹೋಗಿದೆ.

"ಹಾಡಿದ್ರೋ ಏನೋ," ಎಂದೆ.

"ನಂಗೆ ಹಾಡು ಬರಲ್ಲ."

"ಮಲಗಿದ್ರೇನೋ."

"ಮಲಗಿದ್ರೆ ಅಕ್ಕ ಯಾಕೆ ನಗ್ತಾಳೆ? ಅದಲ್ಲ ನಿಂಗಮ್ಮ. ಈಗ ನೋಡು, ನನ್ನ ಸೊಸೆ ಒಳ್ಳೆಯೋಳು, ನಂಗೆ ಕೆಲಸ ಹೇಳಲ್ಲ. ಕೂತ್ಕೊಳ್ಳಿ ಅತ್ತೆ, ನಿಮಗೆ ಏನು ಬೇಕೋ ಮಾಡಿ ಅಂತಾಳೆ. ಕೂತ್ಕೋತೀನಿ. ಏನು ಬೇಕು ಅಂತ ಯೋಚನೆ ಮಾಡ್ತೀನಿ. ಒಂದೂ ಹೊಳೆಯಲ್ಲ. ಎದ್ದು ಹೋಗಿ ಅವಳು ತೊಳೆದಿಟ್ಟ ಪಾತ್ರೆನೇ ಇನ್ನೊಂದು ಸಲ ತೊಳೀತೀನಿ, ಅವಳಿಗೆ ಸಿಟ್ಟು ಬರುತ್ತೆ. ಆವತ್ತು ನಂಗೆ ಏನೋ ಒಂದು ಬೇಕಾಗಿತ್ತಲ್ಲ, ಅದು ಏನು ಅಂತ ಗೊತ್ತಾದ್ರೆ ಸಾಕು."

ಟಾಕೀಸಿನ ಸಾವ್ಕಾರ ಮುರಿಗೆಪ್ಪನವರು ಕೆಟ್ಟವರಲ್ಲ. ಊರಿನವರದೇ ಚಿತ್ರ, ಹಾಕು ದಾದಾಪೀರ್, ಎಂದರು. ಮೊದಲ ದಿನ ಕೂರಲು ಜಾಗವಿರಲಿಲ್ಲ. ದೀಪ ಆರಿತು. 'ಬೆಳಗಾಯಿತು' ಎಂದು ಪರದೆಯ ಮೇಲೆ ಬಂತು, ನಾನು ಓದಿದೆ. ಹಿತ್ತಲ ಬಾಗಿಲು ತೆರೆಯಿತು. ತೆರೆಯಿತು ಎಂದರೆ ಅರ್ಧ ತೆರೆಯಿತು. ಆಚೆ ಬದಿಯಲ್ಲಿ ಪಾತ್ರೆಯ ರಾಶಿ ಅಡ್ಡ ಬಿದ್ದಿತ್ತು. ಸಂದಿನಿಂದ ಎಳೆಯ ದೇವೀರಮ್ಮ ತೂರಿಕೊಂಡು ಬಂದು ನಿಂತು ನೋಡಿದಳು. ಅಷ್ಟು ವರ್ಷದ ತಟ್ಟೆ, ಲೋಟ, ತಪ್ಪಲೆ, ಕಡಾಯಿ. ಇನ್ನೊಂದು ಮೂಲೆಯಲ್ಲಿ ಬಟ್ಟೆ, ಗುಡ್ಡ ಗುಡ್ಡ. ಹುಡುಗಿ ಅಳಲಿಲ್ಲ, ಹಣೆ ಚಚ್ಚಿಕೊಳ್ಳಲೂ ಇಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೂತುಬಿಟ್ಟಳು.

"ಅಯ್ಯೋ ನನ್ನವ್ವ," ಎಂದಳು ಹಿಂದಿನಿಂದ ಯಾರೋ.

ನಮ್ಮ ಹೆಂಗಸರು ಮೊದಲ ದಿನಗಳಲ್ಲಿ ಭಾರಿ ಉತ್ಸಾಹದಿಂದ ಬುದ್ಧಿ ಹೇಳಿದರು. ಸಣ್ಣವೆಲ್ಲ ಮೊದಲು ತೊಳಿ ಎಂದು ಒಬ್ಬಳು, ದೊಡ್ಡವು ಮುಗಿಸು ರಾಶಿ ಕಮ್ಮಿಯಾಗುತ್ತೆ ಎಂದು ಇನ್ನೊಬ್ಬಳು, ಹುಣಸೆಹಣ್ಣು ಹಚ್ಚಿ ನೆನೆಹಾಕು ಎಂದು ಮತ್ತೊಬ್ಬಳು. ಈ ವಿಷಯಕ್ಕೆ ಮಾದಮ್ಮನೂ ಕುಂಬಾರಗೇರಿ ಹೊನ್ನಮ್ಮನೂ ಮಾತು ಬಿಟ್ಟರು. ಹುಡುಗಿ ಯಾರ ಮಾತನ್ನೂ ಕೇಳಲಿಲ್ಲ. ಟಾಕೀಸಿನ ಹಾಲಿನಲ್ಲಿ ಕೂತವರ ಮಾತು ರೀಲಿನೊಳಗಿನವರಿಗೆ ತಾಕುವುದಿಲ್ಲ, ಅದು ನಮಗೂ ಗೊತ್ತು. ಆದರೂ ಹೇಳುತ್ತೇವೆ.

ದಿನ ಕಳೆದ ಹಾಗೆ ಬೆಂಚುಗಳು ಖಾಲಿಯಾದವು. ದಾದಾಪೀರ್ ಮಾತ್ರ ಬಿಡಲಿಲ್ಲ. ಬೆಳಿಗ್ಗೆಯೇ ಬಂದು, ನೋಡುವವರಿಲ್ಲದಿದ್ದರೂ ರೀಲು ಓಡಿಸುತ್ತಿದ್ದ. "ಯಾರೂ ನೋಡ್ದೆ ಇದ್ರೂ ಆಯಮ್ಮನ ಕೆಲ್ಸ ಮುಂದೆ ಹೋಗುತ್ತಲ್ಲ ನಿಂಗಮ್ಮಕ್ಕ," ಎನ್ನುತ್ತಿದ್ದ. ಬೆಳಗಿನ ಆಟಕ್ಕೆ ದೇವೀರಮ್ಮನೂ ನಾನೂ ಇಬ್ಬರೇ. ಅವಳು ಬೈಯುವುದನ್ನು ನಿಲ್ಲಿಸಿದ್ದಳು. ಬೆರಳುಗಳು ಮಾತ್ರ ಮಡಿಲಲ್ಲಿ ಆಡುತ್ತಿದ್ದವು, ಪರದೆಯ ಮೇಲಿನ ಕೈ ಹೇಗೆ ಆಡುತ್ತದೋ ಹಾಗೆ.

ಒಂದು ಬೆಳಿಗ್ಗೆ ಅವಳು ತಟ್ಟನೆ ನನ್ನ ಮೊಣಕೈ ಹಿಡಿದಳು. "ಅಲ್ಲಿ ನೋಡು. ಆ ಕಿಟಕಿ."

ಪರದೆಯ ಮೂಲೆಯಲ್ಲಿ ಮನೆಯ ಕಿಟಕಿ. ಅದರೊಳಗಿಂದ ಒಂದು ಕೈ ಹೊರಗೆ ಬಂದು, ಎಂಜಲು ತಟ್ಟೆಯೊಂದನ್ನು ರಾಶಿಯ ಮೇಲೆ ಇಟ್ಟು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ, ಒಂದು ಲೋಟ. ಆಮೇಲೆ ಮತ್ತೊಂದು. ಅಷ್ಟು ದಿನದಿಂದ ನಾವು ಹುಡುಗಿಯ ಕೈಯನ್ನೇ ನೋಡುತ್ತಿದ್ದೆವು, ಕಿಟಕಿಯ ಕಡೆ ಯಾರೂ ನೋಡಿರಲಿಲ್ಲ.

"ಅವಳು ತೊಳೆದಷ್ಟೂ ಅವರು ಉಣ್ತಾ ಇದಾರೆ," ಎಂದಳು ದೇವೀರಮ್ಮ. "ಇದು ಮುಗಿಯೋದಲ್ಲ ನಿಂಗಮ್ಮ."

ಅವತ್ತೇ ಸಾವ್ಕಾರರೂ ಬಂದು ತಲೆ ಕೆರೆದುಕೊಳ್ಳುತ್ತಾ ನಿಂತರು. "ನಾನೇನು ಕಲ್ಲು ಮನುಷ್ಯ ಅಲ್ಲ ದೇವೀರಮ್ಮ. ಆದ್ರೆ ಪಾತ್ರೆ ತೊಳೆಯೋದನ್ನ ಎಷ್ಟು ದಿನ ಅಂತ ತೋರ್ಸೋದು? ಬೇರೆ ಚಿತ್ರಗಳಿಗೂ ಜನ ಬರೋದು ಬಿಟ್ರು, ಅಲ್ಲೂ ಇದೇ ಗೋಳು ಅಂದ್ಕೊಂಡಿದಾರೆ. ಆಲೆಮನೆಯೋರು ಬೆಲ್ಲ ಇಡೋಕೆ ಈ ಟಾಕೀಸು ಕೇಳ್ತಾ ಇದಾರೆ, ಶನಿವಾರ ಗಾಡಿ ಬರುತ್ತೆ. ಶುಕ್ರವಾರದ ಆಟ ಆಡ್ಸಿ, ಅಲ್ಲಿಗೆ ಮುಗೀತು. ಡಬ್ಬಿ ನೀವೇ ತಗೊಂಡೋಗಿ."

ತಗೊಂಡು ಹೋಗಿ ಎಲ್ಲಿಡುವುದು? ಮತ್ತೆ ಅಟ್ಟದ ಮೇಲೆ. ಅಲ್ಲಿ ಮತ್ತೆ ರಾಶಿ ಬೆಳೆಯುತ್ತದೆ. ದೇವೀರಮ್ಮ ಮನೆಗೆ ಹೊರಟಳು. ಅವಳು ಬಾಗಿಲು ದಾಟುವಾಗ ಗೋಡೆ ಹಿಡಿದುಕೊಂಡದ್ದನ್ನು ನೋಡಿ ನಾನು ನೇರ ದಾದಾಪೀರನ ಹತ್ತಿರ ಹೋದೆ. ಅಂಬಾಬಾಯಿ ಬದುಕಿದ್ದಾಳೆ, ಅವನ ಅಕ್ಕನನ್ನು ಕೊಟ್ಟ ಊರಲ್ಲೇ ಒಂದು ಕೋಣೆ ಹಿಡಿದುಕೊಂಡಿದ್ದಾಳೆ ಎಂದು ಅವನೇ ಒಮ್ಮೆ ಹೇಳಿದ್ದ. ಬಸ್ಸಿನ ಕಂಡಕ್ಟರನ ಕೈಲಿ ಹೇಳಿಕಳಿಸಿದೆವು: ನಿಮ್ಮ ಸೊಸೆ ಸಿಕ್ಕಿದ್ದಾಳೆ, ಕಷ್ಟದಲ್ಲಿದ್ದಾಳೆ, ಶುಕ್ರವಾರದೊಳಗೆ ಬನ್ನಿ.

ಶುಕ್ರವಾರ ಮಧ್ಯಾಹ್ನದ ಬಸ್ಸಿನಿಂದ ಅಂಬಾಬಾಯಿ ಇಳಿದಳು. ಕಪ್ಪು ಕನ್ನಡಕ, ಕೈಯಲ್ಲಿ ಕೋಲು, ಆದರೂ ಬೆನ್ನು ನೆಟ್ಟಗೆ; ರಂಗದ ಮೇಲೆ ನಡೆದವರ ನಡಿಗೆ ಎಲ್ಲಿ ಹೋಗುತ್ತದೆ? ಕಣ್ಣು ಪೂರ್ತಿ ಹೋಗಿ ವರ್ಷಗಳಾಗಿದ್ದವು. ದೇವೀರಮ್ಮ ಮುಂದೆ ಬಂದು ಕೈ ಹಿಡಿದುಕೊಂಡಾಗ, ಅಂಬಾಬಾಯಿ ಆ ಕೈಯನ್ನು ತಿರುಗಿಸಿ ಮುರುಗಿಸಿ ಸವರಿದಳು.

"ದೇವೀರಿ! ಈ ಬೆರಳು ನಾನು ಮರೀತೀನೇನೇ? ಹೊತ್ತುಗಟ್ಟಲೆ ಇದನ್ನೇ ನೋಡಿದೀನಿ."

"ಅಕ್ಕ, ಆವತ್ತು ನಾನೇನು ಮಾಡಿದೆ?"

ಬಾ, ಹೋಗು, ಚೆನ್ನಾಗಿದ್ದೀಯಾ, ಒಂದೂ ಇಲ್ಲ. ಬಸ್ಸಿನ ಧೂಳು ಇನ್ನೂ ಅಡಗಿರಲಿಲ್ಲ.

ಅಂಬಾಬಾಯಿ ತಲೆ ಅಲ್ಲಾಡಿಸಿದಳು. "ಯೋಚನೆ ಮಾಡ್ತಾನೇ ಬಂದೆ ಕಣೆ ದಾರಿಯೆಲ್ಲ. ಆಮೇಲೆ ಎಷ್ಟೊಂದು ಊರು, ಎಷ್ಟೊಂದು ಹೆಂಗಸರು. ಎಲ್ಲರಿಗೂ ಅದನ್ನೇ ಹೇಳ್ತಿದ್ದೆ, ನಿಂಗೇನು ಬೇಕೋ ಮಾಡು ಅಂತ. ಒಬ್ಬಳು ಅತ್ಲು, ಒಬ್ಬಳು ಮುಖ ತೊಳ್ಕೊಂಡ್ಲು, ಒಬ್ಬಳು ಎದ್ದು ಹೋಗಿ ಬಾಗಿಲು ಹಾಕ್ಕೊಂಡ್ಲು. ನೀನು ಏನು ಮಾಡಿದೆ ಅಂತ... ನಾನು ನಕ್ಕಿದ್ದು ನೆನಪಿದೆ. ಹೊಟ್ಟೆ ಹಿಡ್ಕೊಂಡು ನಕ್ಕೆ. ಯಾತಕ್ಕೆ ಅಂತ ನೆನಪಿಲ್ಲ."

ದೇವೀರಮ್ಮ ಅವಳ ಕೈ ಬಿಡಲಿಲ್ಲ. "ಹಂಗಾದ್ರೆ ರೀಲೇ ಹೇಳಬೇಕು," ಎಂದಳು.

ಕೊನೆಯ ಆಟ ಎಂದು ಗೊತ್ತಾಗಿ ಜನ ಬಂದಿದ್ದರು. ಮಾದಮ್ಮ, ಹೊನ್ನಮ್ಮ, ಬೇರೆ ಬೇರೆ ಬೆಂಚಿನಲ್ಲಿ. ಪ್ರೇಮಲೀಲ ಬಂದು ಅತ್ತೆಯ ಹಿಂದೆ ಕೂತಳು. ಸಾವ್ಕಾರರು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡರು. ನಾನು ಅಂಬಾಬಾಯಿಯ ಪಕ್ಕ. ಅವಳು ನನ್ನ ಕೈಗೆ ತಟ್ಟಿ, "ಬರಹ ಓದೋಳು ನೀನಂತೆ. ಇವತ್ತು ಬರಹ ಇಲ್ಲದ್ದನ್ನೂ ಓದಮ್ಮ ನಂಗೆ," ಎಂದಳು.

ದೀಪ ಆರಿತು. "ಕೂತಿದಾಳೆ ಅಕ್ಕ," ಎಂದೆ. "ಕಡಾಯಿ ತಿಕ್ಕುತಾ ಇದಾಳೆ. ಕೂದಲು ಮುಖದ ಮೇಲೆ ಬಿದ್ದಿದೆ, ಮೊಣಕೈಯಿಂದ ಹಿಂದಕ್ಕೆ ತಳ್ಳಿಕೊಂಡ್ಲು. ರಾಶಿ ಇನ್ನೂ ಸೂರಿನಷ್ಟೇ ಇದೆ. ಈಗ ಕಿಟಕಿಯಿಂದ ಇನ್ನೊಂದು ತಟ್ಟೆ ಬಂತು."

"ತಟ್ಟೆ ಬಂತು ಅಂದ್ರೆ?"

"ಉಂಡೋರು ಇಡ್ತಾರೆ."

"ಇನ್ನೂ ಉಣ್ತಾ ಇದಾರಾ?" ಎಂದಳು ಅಂಬಾಬಾಯಿ ಅಚ್ಚರಿಯಿಂದ.

ದೇವೀರಮ್ಮ ಆ ಕಡೆಯಿಂದ ಬಗ್ಗಿ ಹೇಳಿದಳು, ಮೆತ್ತಗೆ, ಬೈಯುವ ದನಿಯಲ್ಲಲ್ಲ. "ಅಕ್ಕ, ನೀವು ಕೆಲಸ ಮುಗಿದ ಮೇಲೆ ಅಂದಿದ್ರಿ. ಅದಕ್ಕೆ ಅವಳು ಮುಗಿಸ್ತಾ ಇದಾಳೆ."

ಅಂಬಾಬಾಯಿ ಅವಳ ಕಡೆ ಮುಖ ತಿರುಗಿಸಿದಳು.

"ನಾನು ಮುಗಿಯುತ್ತೆ ಅಂದ್ಕೊಂಡಿದ್ದೆ ಕಣೆ," ಎಂದಳು. "ಹುಟ್ಟಿದಾಗಿನಿಂದ ಕಂಪನಿ ಊಟ ಉಂಡವಳು ನಾನು. ತಟ್ಟೆ ತಳ್ಳಿ ಏಳೋದು, ಯಾರೋ ತೊಳೆಯೋರು. ನಿಮ್ಮ ಬದುಕು ತೆಗೀತೀನಿ ಅಂತ ಪೆಟ್ಟಿಗೆ ಹೊತ್ಕೊಂಡು ಬಂದೆ. ಪಾತ್ರೆ ತೊಳೆಯೋದು ಅಂದ್ರೆ ಒಂದು ಹೊತ್ತಿಗೆ ಮುಗಿಯೋ ಕೆಲಸ ಅಂತಲೇ ತಿಳ್ಕೊಂಡಿದ್ದೆ. ಆವತ್ತು ಹೆಂಗೆ ಮುಗೀತು ಹಾಗಾದ್ರೆ?"

"ಎಲ್ಲಿ ಮುಗೀತು? ನೀವು ಬೆಳಕು ಹೋಗುತ್ತೆ ಬೇಗ ಬೇಗ ಅಂದ್ರಿ, ಉಳಿದಿದ್ದನ್ನ ನಾನು ನೀರಿನ ಬಾನಿ ಬೋರಲು ಹಾಕಿ ಅದರ ಕೆಳಗೆ ಮುಚ್ಚಿಟ್ಟೆ."

ಹಿಂದಿನಿಂದ ಪ್ರೇಮಲೀಲ ಕಿಸಕ್ಕೆಂದು ನಕ್ಕಳು. ಆಮೇಲೆ ಬಾಯಿಗೆ ಸೆರಗು ಇಟ್ಟುಕೊಂಡಳು. "ನಾನೂ ಮುಚ್ಚಿಡ್ತೀನಿ ಅತ್ತೆ," ಎಂದಳು. ಇದನ್ನು ಕೇಳಿ ಹಾಲಿನಲ್ಲಿ ಎಷ್ಟೋ ಜನ ಗಂಟಲು ಸರಿಮಾಡಿಕೊಂಡರು.

"ಈಗ ಮುಚ್ಚಿಡೋಕೆ ಆಗಲ್ಲ, ಅಷ್ಟು ದೊಡ್ಡ ಬಾನಿ ಇಲ್ಲ," ಎಂದು ದೇವೀರಮ್ಮ ಎದ್ದು ನಿಂತು ಪರದೆಗೆ ಕೂಗಿದಳು. "ಏ, ಬಿಡೇ! ಸಾಕು, ಎದ್ದೇಳೇ!" ಮಾದಮ್ಮನೂ ಕೂಗಿದಳು, ಹೊನ್ನಮ್ಮನೂ ಕೂಗಿದಳು, ಮಾತು ಬಿಟ್ಟವರಿಬ್ಬರ ದನಿ ಒಟ್ಟಿಗೇ ಹೋಯಿತು. ಹುಡುಗಿ ಕಡಾಯಿ ಬೋರಲು ಹಾಕಿ ಇನ್ನೊಂದು ತಪ್ಪಲೆ ಎಳೆದುಕೊಂಡಳು. ಸಾವ್ಕಾರರು ಕುರ್ಚಿಯಲ್ಲಿ ಮಿಸುಕಾಡಿ ಗೋಡೆಯ ಗಡಿಯಾರ ನೋಡಿದರು.

ಆಗ ಅಂಬಾಬಾಯಿ ಕೋಲೂರಿ ಎದ್ದಳು. ಪರದೆ ಯಾವ ಕಡೆ ಎಂದು ನಾನು ಅವಳ ಭುಜ ಹಿಡಿದು ತಿರುಗಿಸಬೇಕಾಯಿತು. ಅವಳು ಕೂಗಲಿಲ್ಲ. ನಾಟಕದ ಕೊನೇ ಸಾಲಿನವರೆಗೂ ಹೋಗುವ, ಆದರೆ ಹತ್ತಿರ ಕೂತವರಿಗೆ ಕಿವಿಯಲ್ಲಿ ಹೇಳಿದಂತಿರುವ ಒಂದು ದನಿಯಲ್ಲಿ ಹೇಳಿದಳು.

"ದೇವೀರಿ, ನಾನು ಅವತ್ತು ಹೇಳಿದ್ದು ತಪ್ಪು. ಮುಗಿಸಬೇಡ. ಇದ್ದದ್ದು ಇದ್ದ ಹಾಗೇ ಬಿಟ್ಟು ಏಳು."

ಹುಡುಗಿಯ ಕೈ ನಿಂತಿತು.

ಹಾಲಿನಲ್ಲಿ ಕೂತ ನಮ್ಮ ಮಾತು ತಾಕುವುದಿಲ್ಲ, ಸರಿ. ಆದರೆ ಆ ದನಿ ಬೆಂಚಿನಲ್ಲಿ ಕೂತವರದಲ್ಲವಲ್ಲ. ಅದು ಯಾವಾಗಲೂ ಪೆಟ್ಟಿಗೆಯ ಹಿಂದಿನಿಂದ ಅವಳಿಗೆ ಕೇಳುತ್ತಿದ್ದ ದನಿ. ಅವಳು ಮುಖ ಎತ್ತಿದಳು. ನೇರ ನಮ್ಮ ಕಡೆ ನೋಡಿದಳು, ನಿಜವಾಗಿಯೂ ಬಿಡಲಾ ಎನ್ನುವ ಹಾಗೆ.

"ಏನಾಯ್ತು? ನಿಂಗಮ್ಮ, ಏನಾಯ್ತು?"

"ನೋಡ್ತಾ ಇದಾಳೆ ಅಕ್ಕ. ಕೈಯಲ್ಲಿ ತಪ್ಪಲೆ ಇದೆ. ಅಯ್ಯೋ, ಕೆಳಗಿಟ್ಟಳು. ಅರ್ಧ ತಿಕ್ಕಿದ್ದು ಹಾಗೇ ಇದೆ, ಇಟ್ಟುಬಿಟ್ಟಳು! ಎದ್ದಳು. ಕಾಲು ಜೋಮು ಹಿಡಿದಿದೆ ಅನ್ಸುತ್ತೆ, ಕುಂಟ್ತಾ ಇದಾಳೆ. ಕೈ ಸೀರೆಗೆ ಒರೆಸ್ಕೊಂಡ್ಲು."

ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ಬರಹ ಬಂತು. ಇಷ್ಟು ದಿನದಲ್ಲಿ ಮೊದಲ ಹೊಸ ಬರಹ. ನಾನು ಎದ್ದು ನಿಂತು ಗಂಟಲು ಹರಿಯುವ ಹಾಗೆ ಓದಿದೆ: "ಮಧ್ಯಾಹ್ನವಾಯಿತು!" ಬೀಡಿ ಸೇದಲು ಹೋಗಿದ್ದವರೆಲ್ಲ ಒಳಗೆ ಓಡಿ ಬಂದರು.

"ಮುಂದೆ?"

"ಹಿತ್ತಲ ಗೋಡೆಗೆ ಏಣಿ ಒರಗಿಸಿದೆ. ಏಣಿ ಹತ್ತುತಾ ಇದಾಳೆ."

"ಮಾಳಿಗೆಗಾ? ಹಪ್ಪಳ ಒಣಹಾಕೋಕೆ ಇರಬೇಕು," ಎಂದಳು ದೇವೀರಮ್ಮ. ನೋಡುತ್ತಿದ್ದವಳು ಅವಳೇ, ಆದರೂ ನನ್ನನ್ನು ಕೇಳಿದಳು.

"ಕೈ ಖಾಲಿ ಇದೆ ದೊಡ್ಡಮ್ಮ."

ಮಾಳಿಗೆಯ ಮೇಲೆ ಬರೀ ಬಿಸಿಲು. ಹುಡುಗಿ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತಳು. ಅವಳ ಕಾಲ ಕೆಳಗೆ ಊರು. ನಮ್ಮದೇ ಬೀದಿ, ನಮ್ಮದೇ ಬಾವಿ, ಹಿಂದಿನ ಕಾಲದ ನಮ್ಮವರ ಮನೆಗಳು. ಎದುರು ಮಾಳಿಗೆಯ ತುಂಬ ಪಾರಿವಾಳಗಳು ಕಾಳು ಹೆಕ್ಕುತ್ತಿದ್ದವು. ಅವಳು ಆ ಕಡೆ ಈ ಕಡೆ ನೋಡಿದಳು, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡಳು. ಕೈ ಬಾಯಿಯ ಹತ್ತಿರ ಹೋಯಿತು.

"ಹೇಳೇ ನಿಂಗಮ್ಮ!" ಅಂಬಾಬಾಯಿ ನನ್ನ ತೋಳು ಚಿವುಟಿದಳು.

"ಎರಡು ಬೆರಳು ಬಾಯೊಳಗೆ ಇಟ್ಕೊಂಡಿದಾಳೆ ಅಕ್ಕ. ನಾಲಿಗೆ ಮಡಚಿದಾಳೆ. ಕೆನ್ನೆ ಹಿಂಗೆ ಉಬ್ಬಿದೆ. ಸಿಳ್ಳೆ! ಸಿಳ್ಳೆ ಹೊಡೀತಾ ಇದಾಳೆ ಅಕ್ಕ!"

ಅಂಬಾಬಾಯಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಪ್ಪು ಕನ್ನಡಕ ತೆಗೆದು, ಕಾಣದ ಕಣ್ಣು ಒರೆಸಿಕೊಂಡು ನಕ್ಕಳು. "ಹೌದು ಕಣೇ, ಹೌದು! ದನ ಕಾಯೋ ಹುಡುಗರ ಹಾಗೆ!"

"ನಮ್ಮಣ್ಣ ಕಲಿಸಿಕೊಟ್ಟಿದ್ದ," ಎಂದಳು ದೇವೀರಮ್ಮ. ಯಾರಿಗೂ ಅಲ್ಲ, ತನಗೇ. "ಕೆರೆ ಏರಿ ಮೇಲೆ. ಮದುವೆಯಾದ ಮೇಲೆ ಹೊಡೀಬಾರದು ಅಂದ್ರು. ನಂಗೆ ಸಿಳ್ಳೆ ಬರ್ತಿತ್ತು. ಅವನಿಗಿಂತ ಜೋರಾಗಿ ಬರ್ತಿತ್ತು." ಪರದೆಯ ಮೇಲೆ ಹುಡುಗಿ ಮತ್ತೆ ಮತ್ತೆ ಊದುತ್ತಿದ್ದಳು. "ಕೇಳಿಸ್ತಾ ಇಲ್ವಲ್ಲ ಅಕ್ಕ."

"ಎಲ್ಲಿಂದ ಕೇಳಿಸ್ಲೇ? ಶಬ್ದ ಹಿಡಿಯೋ ಪೆಟ್ಟಿಗೆ ನನ್ನ ಹತ್ರ ಇರಲಿಲ್ಲ."

ದೇವೀರಮ್ಮ ಎರಡು ಬೆರಳು ಎತ್ತಿ ಸೆರಗಿಗೆ ಒರೆಸಿ ಬಾಯಿಗಿಟ್ಟಳು. ಫುಸ್ ಎಂದು ಬರೀ ಗಾಳಿ ಹೋಯಿತು. ಯಾರೂ ನಗಲಿಲ್ಲ. ಇದ್ದ ಹಲ್ಲು ನೋಡಿಕೊಂಡು ಬೆರಳು ಪಕ್ಕಕ್ಕೆ ಸರಿಸಿದಳು, ಮತ್ತೆ ಊದಿದಳು, ಮತ್ತೆ ಗಾಳಿ. ಹಿಂದಿನಿಂದ ಪ್ರೇಮಲೀಲ ಎದ್ದು ಅತ್ತೆಯ ಸೊಂಟಕ್ಕೆ ಕೈ ಕೊಟ್ಟು ಹಿಡಿದುಕೊಂಡಳು. ದೇವೀರಮ್ಮ ಎದೆ ತುಂಬ ಉಸಿರು ಎಳೆದುಕೊಂಡಳು. ಸಿಳ್ಳೆ ಹೊರಟಿತು, ಮೊದಲು ಸೀಳಿ, ಆಮೇಲೆ ಉದ್ದ, ಟಾಕೀಸಿನ ಮಾಡಿನ ತಗಡು ಝುಮ್ ಎನ್ನುವ ಹಾಗೆ. ಪರದೆಯ ಮೇಲೆ ಎದುರು ಮಾಳಿಗೆಯ ಪಾರಿವಾಳಗಳೆಲ್ಲ ಒಂದೇ ಸಲಕ್ಕೆ ಮೇಲೆದ್ದವು.